ಕಾಗುಣಿತ ತಪ್ಪಿದ ಸಿನಿಮಾಗಳು

(ಕೂಟದ ವಾರ್ಷಿಕೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಕಳೆದ ತಿಂಗಳ ವಾರ್ತಾಪತ್ರದ ಜೊತೆಗೆ ನಿಮ್ಮೆಲ್ಲರ ಮನೆಗೂ ಒಂದು ಪದಬಂಧ ಬಂದಿತ್ತು. ಕನ್ನಡ ಸಿನಿಮಾ ಹೆಸರುಗಳ ಪದಬಂಧ. ಅದನ್ನು ಕಟ್ಟಿದ ನಾಲ್ಕು ಮನೆಯವರು ನಾವು. ಬಂದ ಮೂರನೆಯ ದಿನದಿಂದಲೇ ಫೋನುಗಳು ಶುರುವಾದವು. 'ನಿಮ್ಮ ಪದಬಂಧದಲ್ಲಿ ತಪ್ಪಿದೆ, ನಾಗರಹಾವು ಕೂರುವುದಿಲ್ಲ' ಎಂದರು ಒಬ್ಬರು. 'ಮುಂಗಾರು ಮಳೆಯ ಮ ಎಲ್ಲಿಗೆ ಹೋಯಿತು ಸ್ವಾಮಿ?' ಎಂದು ಇನ್ನೊಬ್ಬರು. ತಪ್ಪು ಇರಲಿಲ್ಲ. ಹಾಗೆ ಕೂರದೆ ಇರುವುದೇ ಆ ಪದಬಂಧದ ಗುಟ್ಟು. ಅದನ್ನು ಬಿಡಿಸಿ ಹೇಳಿ ಎಂದು ಕಾರ್ಯಕಾರಿ ಸಮಿತಿಯವರು ಹದಿನೈದು ನಿಮಿಷ ಕೊಟ್ಟಿದ್ದಾರೆ. ವೈದ್ಯರಿಗೆ ಮೈಕು ಕೊಟ್ಟರೆ ಕೊಲೆಸ್ಟರಾಲ್ ಬಗ್ಗೆ ಮಾತಾಡುತ್ತಾರೆ ಎಂಬ ಭಯ ಬೇಡ.

ಮೊದಲು ಈ ಆಟದ ಊರು ಯಾವುದೆಂದು ಹೇಳಿಬಿಡೋಣ. ಇದು ಹುಟ್ಟಿದ್ದು ನಾವಿರುವ ಈ ಅಮೆರಿಕದಲ್ಲಿಯೇ. ಲಿವರ್‌ಪೂಲಿನಲ್ಲಿ ಹುಟ್ಟಿ ಇಲ್ಲಿಗೆ ವಲಸೆ ಬಂದ ಆರ್ಥರ್ ವಿನ್ ಎಂಬ ಪತ್ರಕರ್ತ 1913ರ ಡಿಸೆಂಬರ್ 21ರಂದು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ವಜ್ರದ ಆಕಾರದ ಒಂದು ಪದಬಂಧವನ್ನು ಅಚ್ಚು ಮಾಡಿಸಿದ. ಅಂದರೆ ಇದೂ ನಮ್ಮಂತೆ ಹೊರಗಿನಿಂದ ಬಂದವನೊಬ್ಬನ ಕೆಲಸವೇ. 1924ರಲ್ಲಿ ಸೈಮನ್ ಅಂಡ್ ಶುಸ್ಟರ್ ಪ್ರಕಾಶನದವರು ಪೆನ್ಸಿಲು ಕಟ್ಟಿದ ಪದಬಂಧ ಪುಸ್ತಕ ತಂದಾಗ ದೇಶಕ್ಕೇ ಹುಚ್ಚು ಹಿಡಿಯಿತು. ಇದೆಲ್ಲ ಕಾಲಹರಣ ಎಂದು ಮೂಗು ಮುರಿದ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆ ಕೊನೆಗೆ 1942ರ ಫೆಬ್ರವರಿಯಲ್ಲಿ, ಯುದ್ಧದ ಸುದ್ದಿಗಳ ನಡುವೆ, ತಾನೂ ಭಾನುವಾರದ ಪದಬಂಧ ಆರಂಭಿಸಿತು. 1950ರಿಂದ ದಿನವೂ ಬರುತ್ತಿದೆ.

ಆ ಪದಬಂಧದಲ್ಲಿ ವಾರದ ಹೆಚ್ಚಿನ ದಿನ ಒಂದು 'ಥೀಮ್' ಇರುತ್ತದೆ. ಹದಿನೈದು ಚೌಕ ಅಗಲ, ಹದಿನೈದು ಚೌಕ ಉದ್ದದ ಹಾಳೆಯಲ್ಲಿ ಮೂರೋ ನಾಲ್ಕೋ ಉದ್ದನೆಯ ಉತ್ತರಗಳು ಒಂದೇ ಉಪಾಯಕ್ಕೆ ಕಟ್ಟುಬಿದ್ದಿರುತ್ತವೆ. ಸಿನಿಮಾ ಹೆಸರೆಂದರೆ ಕಟ್ಟುವವರಿಗೆ ಪ್ರಾಣ. ಹೆಸರಿನಲ್ಲಿ ಒಂದೇ ಒಂದು ಅಕ್ಷರ ಬದಲಿಸಿ, ಹುಟ್ಟಿದ ಅಸಂಬದ್ಧಕ್ಕೆ ಗಂಭೀರವಾದ ಸುಳಿವು ಕೊಡುತ್ತಾರೆ. 'ಸ್ಟಾರ್ ವಾರ್ಸ್'ಗೆ ಒಂದು ಟಿ ಸೇರಿಸಿ 'ಸ್ಟಾರ್ ವಾರ್ಟ್ಸ್' ಮಾಡಿದರೆ, ಸುಳಿವು: 'ಹಾಲಿವುಡ್ಡಿನ ಚರ್ಮವೈದ್ಯರು ಸುಡುವುದು?' 1939ರ 'ಗಾನ್ ವಿತ್ ದ ವಿಂಡ್' ಹೆಸರಿನ ಕೊನೆಯ ಡಿ ತೆಗೆದು ಇ ಇಟ್ಟರೆ ಗಾಳಿಯ ಜೊತೆ ಹೋದವರು ವೈನಿನ ಜೊತೆ ಹೋಗುತ್ತಾರೆ. 1980ರ 'ರೇಜಿಂಗ್ ಬುಲ್' ಚಿತ್ರದ ಯು ತೆಗೆದು ಐ ಹಾಕಿದರೆ 'ರೇಜಿಂಗ್ ಬಿಲ್'. ಈ ದೇಶದಲ್ಲಿ ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿ ಎದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಸುಳಿವಿನ ಕೊನೆಯಲ್ಲಿರುವ ಪ್ರಶ್ನಾರ್ಥಕ ಚಿಹ್ನೆಯನ್ನು ಗಮನಿಸಿ. ಅಮೆರಿಕದ ಪದಬಂಧದಲ್ಲಿ ಆ ಚಿಹ್ನೆ ಇದ್ದರೆ 'ಇಲ್ಲಿ ಚೇಷ್ಟೆ ಇದೆ, ನೇರ ಅರ್ಥ ಹಿಡಿಯಬೇಡಿ' ಎಂದು ತಿಳಿಯಬೇಕು. ಈ ಒಂದು ಸಂಗತಿ ಗೊತ್ತಿಲ್ಲದೆ ನಾವು ರೆಸಿಡೆನ್ಸಿಯ ಮೊದಲ ವರ್ಷವನ್ನೆಲ್ಲ ಕಳೆದೆವು. ರಾತ್ರಿ ಪಾಳಿಯ ಕೋಣೆಯಲ್ಲಿ ಯಾರೋ ಅರ್ಧ ಬಿಡಿಸಿ ಬಿಟ್ಟ ಪತ್ರಿಕೆ ಬಿದ್ದಿರುತ್ತಿತ್ತು. 'ಮುಂಗೈ ಮೂಳೆ, ನಾಲ್ಕು ಅಕ್ಷರ' ಎಂದು ಯಾರಾದರೂ ಕೂಗಿದರೆ ನಾವು 'ಅಲ್ನಾ' ಎನ್ನುತ್ತಿದ್ದೆವು. ಸ್ವರಗಳು ಹೆಚ್ಚಿರುವ ಪುಟ್ಟ ಪದಗಳೆಂದರೆ ಪದಬಂಧ ಕಟ್ಟುವವರಿಗೆ ಬಲು ಇಷ್ಟ. ಅಯೋರ್ಟಾ, ಯೂವಿಯಾ, ಇಡೀಮಾ ಪದೇ ಪದೇ ಬರುತ್ತವೆ. ಎಂ.ಬಿ.ಬಿ.ಎಸ್. ಓದಿದ ಅನ್ಯದೇಶದವರಿಗೆ ಅಷ್ಟು ಮಾತ್ರ ಪ್ರವೇಶ. ಸಿನಿಮಾ ಹೆಸರು ಬಂದೊಡನೆ ನಮ್ಮ ಕೈ ಕಟ್ಟಿಹೋಗುತ್ತಿತ್ತು. ಇಲ್ಲಿ ಹುಟ್ಟಿದ ಸಹೋದ್ಯೋಗಿಗಳಿಗೆ ಅದು ನಿಘಂಟಿನ ವಿದ್ಯೆ ಅಲ್ಲ. ಹತ್ತು ವರ್ಷದವರಿದ್ದಾಗ ಅಪ್ಪನ ಜೊತೆ ಯಾವ ಚಿತ್ರಮಂದಿರದಲ್ಲಿ ಕುಳಿತಿದ್ದರು ಎಂಬುದರಿಂದ ಬಂದ ವಿದ್ಯೆ. ಪೌರತ್ವ ಪರೀಕ್ಷೆಗೆ ಓದಿ ಪಾಸಾಗಬಹುದು, ಇದಕ್ಕೆ ಓದಲು ಪುಸ್ತಕವಿಲ್ಲ.

ಹಾಗಾದರೆ ನಮ್ಮ ಮನೆಗಳಲ್ಲಿ ಅಂಥ ಬಂಡವಾಳ ಏನಿದೆ, ಅದರಲ್ಲಿ ಎಷ್ಟು ಮಕ್ಕಳಿಗೆ ದಾಟಿದೆ? ಇದನ್ನು ನೋಡೋಣವೆಂದೇ ಕನ್ನಡದಲ್ಲಿ ಒಂದು ಕಟ್ಟಲು ಕುಳಿತೆವು.

ಕುಳಿತ ಮೇಲೆ ಗೊತ್ತಾಯಿತು, ಕನ್ನಡದ ಚೌಕ ಬೇರೆ, ಇಂಗ್ಲಿಷಿನ ಚೌಕ ಬೇರೆ. ಅಲ್ಲಿ ಒಂದು ಚೌಕಕ್ಕೆ ಒಂದು ಲಿಪಿಯ ಗುರುತು. ಇಲ್ಲಿ ಒಂದು ಚೌಕದಲ್ಲಿ ವ್ಯಂಜನ, ಅದರ ಒತ್ತು, ಅದರ ಸ್ವರ, ಮೇಲೆ ಸೊನ್ನೆ, ಎಲ್ಲವೂ ಒಟ್ಟಿಗೆ ಸಂಸಾರ ಮಾಡುತ್ತವೆ. 'ಸಂಸ್ಕಾರ' ಎಂದರೆ ಇಂಗ್ಲಿಷ್ ಲಿಪಿಯಲ್ಲಿ ಎಂಟು ಚೌಕ, ನಮ್ಮಲ್ಲಿ ಮೂರು. ಅಡ್ಡ ಬರುವ ಪದ ಮತ್ತು ಉದ್ದ ಬರುವ ಪದ ಒಂದೇ ಚೌಕದಲ್ಲಿ ಸಂಧಿಸಬೇಕಾದರೆ ವ್ಯಂಜನ ಹೊಂದಿದರೆ ಸಾಲದು, ಸ್ವರವೂ ಹೊಂದಬೇಕು. ಅಡ್ಡ ಸಾಲಿಗೆ ಕ ಬೇಕು, ಉದ್ದ ಸಾಲಿಗೆ ಕಿ ಬೇಕು ಎಂದರೆ ಪಂಚಾಯ್ತಿ ಮುರಿಯಿತು. ಆದ್ದರಿಂದಲೇ ನಮ್ಮ ಊರಿನ ಪತ್ರಿಕೆಗಳ ಪದಬಂಧದಲ್ಲಿ ಕಪ್ಪು ಚೌಕಗಳು ಅಷ್ಟು ಹೆಚ್ಚು. ಅಮೆರಿಕದವರ ನಿಯಮದಂತೆ ಪ್ರತಿ ಚೌಕವೂ ಎರಡು ಪದಕ್ಕೆ ಸೇರಿರಬೇಕೆಂದು ನಾವು ಒಂದು ವಾರ ಹಟ ಹಿಡಿದು ಬಿಟ್ಟೆವು. ತಲೆಕೆಳಗು ಮಾಡಿದರೂ ಒಂದೇ ತೆರ ಕಾಣಬೇಕೆಂಬ ಸಮರೂಪದ ನಿಯಮವನ್ನು ಎರಡನೆಯ ವಾರ ಬಿಟ್ಟೆವು.

ಆದರೆ ಇದೇ ತೊಡಕಿನಿಂದಲೇ ಉಪಾಯ ಹೊಳೆಯಿತು. ಇಂಗ್ಲಿಷಿನಲ್ಲಿ ಅಕ್ಷರ ಬದಲಿಸುತ್ತಾರೆ. ನಾವು ಅಕ್ಷರ ಹಾಗೆಯೇ ಇಟ್ಟು ಅದರ ಕಾಗುಣಿತ ಮಾತ್ರ ಬದಲಿಸೋಣ!

ಈಗ ಉತ್ತರ ಹೇಳುತ್ತೇವೆ; ಇನ್ನೂ ಬಿಡಿಸುತ್ತಿರುವವರು ಕಿವಿ ಮುಚ್ಚಿಕೊಳ್ಳಿ. 1972ರಲ್ಲಿ ಪುಟ್ಟಣ್ಣ ಕಣಗಾಲರು ಚಿತ್ರದುರ್ಗದ ಕೋಟೆಯಲ್ಲಿ ಬಿಟ್ಟ 'ನಾಗರಹಾವು' ದೀರ್ಘ ಕಳೆದುಕೊಂಡು 'ನಗರಹಾವು' ಆಯಿತು. ಸುಳಿವು: 'ಮ್ಯಾನ್‌ಹಟನ್ನಿನ ಚರಂಡಿಯಲ್ಲಿ ಬುಸುಗುಟ್ಟುವುದು?' 1973ರ 'ಗಂಧದ ಗುಡಿ' ಕೊಂಬು ಉದುರಿ 'ಗಂಧದ ಗಡಿ' ಆಯಿತು: 'ಮರಗಳ್ಳರು ರಾತ್ರಿ ದಾಟುವುದು?' 1982ರ 'ಹಾಲು ಜೇನು' ವೈದ್ಯರ ಕೈಗೆ ಸಿಕ್ಕಿ 'ಹಾಲು ಜೀನು' ಆಗಿದೆ. ದೊಡ್ಡವರಾದ ಮೇಲೂ ಹಾಲು ಜೀರ್ಣಿಸಿಕೊಳ್ಳುವುದು ಎಲ್ಲರಿಗೂ ಬರುವುದಿಲ್ಲ, ಅದಕ್ಕೆ ವಂಶವಾಹಿಯ ಕೃಪೆ ಬೇಕು, ಸುಳಿವು ಅದೇ. 2008ರ 'ಗಾಳಿಪಟ' 'ಗೂಳಿಪಟ' ಆಗಿ ವಾಲ್ ಸ್ಟ್ರೀಟಿನವರ ಗೋಡೆಗೆ ಏರಿತು. 2014ರ 'ಉಳಿದವರು ಕಂಡಂತೆ' ಒಂದು ಒಕಾರ ಸೇರಿ 'ಉಳಿದವರು ಕೊಂಡಂತೆ' ಆಯಿತು. ಸುಳಿವು: 'ಪಕ್ಕದ ಮನೆಯ ಕಾರು ನೋಡಿ ನಾವು ಕಾರು ತರುವ ಬಗೆ?' ಈ ಸುಳಿವು ಯಾರನ್ನೂ ಕುರಿತದ್ದಲ್ಲ, ಪಾರ್ಕಿಂಗ್ ಜಾಗವನ್ನು ನೋಡಿ ಯಾರೂ ಬೇಸರಿಸಬಾರದು. ಇನ್ನು ಬಹಳ ಜನರ ನಿದ್ದೆಗೆಡಿಸಿದ್ದು 2006ರ 'ಮುಂಗಾರು ಮಳೆ'. ಅದು 'ಮುಂಗಾರು ಮೂಳೆ'. ಸುಳಿವು: 'ಜೂನಿನಲ್ಲಿ ಅಂಗಳದಲ್ಲಿ ಜಾರಿ ಬಿದ್ದವರು ಎಕ್ಸ್‌ರೇ ಮಾಡಿಸುವುದು?'

ಹಾಳೆಯ ಕೊನೆಯ ಸಾಲಿನ ನಾಲ್ಕು ಚೌಕದ ಉತ್ತರ 'ಕಾಗುಣಿತ'. ಅದು ಬಿಡಿಸಿದವರಿಗೆ ಬೀಗದ ಕೈ.

ಕೆಲವು ಒಳ್ಳೆಯ ಹೆಸರುಗಳನ್ನು ಬಿಡಬೇಕಾಯಿತು. 1970ರ 'ಸಂಸ್ಕಾರ'ದಿಂದ ಒತ್ತನ್ನು ತೆಗೆದರೆ 'ಸಂಸಾರ' ಆಗುತ್ತದೆ. 2016ರಲ್ಲಿ ತೆರೆಕಂಡ 'ತಿಥಿ'ಯ ಹಿಂದೆ ಒಂದು ಅ ಇಟ್ಟರೆ ಸತ್ತವರ ಮನೆಗೆ 'ಅತಿಥಿ' ಬರುತ್ತಾನೆ. ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಬಿ.ವಿ. ಕಾರಂತರ 1975ರ 'ಚೋಮನ ದುಡಿ'. ಕೊನೆಗೆ ಒಂದು ಅಕ್ಷರ ಸೇರಿಸಿದರೆ 'ಚೋಮನ ದುಡಿಮೆ'. ಕಥೆಯನ್ನೆಲ್ಲ ಒಂದು ಅಕ್ಷರದಲ್ಲಿ ಹೇಳಿದ ಹಾಗೆ; ತುಂಡು ನೆಲವೂ ಸಿಗದ ಆ ದುಡಿಮೆಯನ್ನು ನಗೆಯ ಸುಳಿವಾಗಿ ಬರೆಯಲು ನಮ್ಮಲ್ಲಿ ಯಾರಿಗೂ ಮನಸ್ಸು ಬರಲಿಲ್ಲ. ಅದಲ್ಲದೆ ಇವು ಮೂರೂ ಬೇರೆ ಬೇರೆ ಉಪಾಯಗಳು. ಒಂದು ಹಾಳೆಗೆ ಒಂದೇ ಉಪಾಯ ಎಂಬ ಅಮೆರಿಕದ ನಿಯಮ ಮಾತ್ರ ಸರಿಯೆಂದೇ ನಮ್ಮ ಅಭಿಪ್ರಾಯ. ಇಲ್ಲವಾದರೆ ಬಿಡಿಸುವವರಿಗೆ ಮೋಸ ಮಾಡಿದ ಹಾಗೆ.

ಹಂಚುವ ಮೊದಲು ಒಂದು ಭಾನುವಾರ ಮಧ್ಯಾಹ್ನ ನಮ್ಮಲ್ಲೇ ಒಂದು ಮನೆಯಲ್ಲಿ ಪರೀಕ್ಷೆ ಮಾಡಿದೆವು. ಮೇಜಿನ ಒಂದು ಕಡೆ ಹದಿಮೂರು ವರ್ಷದ ಹುಡುಗಿ. ಕೂಟದ ಭಾನುವಾರದ ಕನ್ನಡ ತರಗತಿಗೆ ನಾಲ್ಕು ವರ್ಷ ಹೋಗಿದ್ದಾಳೆ, ಕ ಕಾ ಕಿ ಕೀ ಬಾಯಿಪಾಠ, ಆದರೆ ಒಂದು ವಾಕ್ಯ ಓದಲು ಬೆರಳಿಟ್ಟು ಸಾಗಬೇಕು. ಇನ್ನೊಂದು ಕಡೆ ಮೈಸೂರಿನಿಂದ ಆರು ತಿಂಗಳಿಗೆ ಬಂದ ಅವಳ ಅಜ್ಜಿ. ಅವರಿಗೆ ಒಂದು ಕಣ್ಣಿನ ಪೊರೆ ತೆಗೆಸಿದೆ, ಇನ್ನೊಂದರದು ಬಾಕಿ, ಚೌಕಗಳು ಕಾಣುವುದಿಲ್ಲ. 'ನೀನು ಓದೇ, ನಾನು ಹೇಳ್ತೀನಿ' ಎಂದು ಕಣ್ಣು ಮುಚ್ಚಿ ಕುಳಿತರು. ನಾವು ಬಾಯಿ ಬಿಡಬಾರದೆಂದು ಮೊದಲೇ ಒಪ್ಪಂದ.

'ಮೂಗಿನ ಆಭರಣ, ಮೂರು ಅಕ್ಷರ' ಎಂದು ಹುಡುಗಿ ಓದಿದಳು. ಅಜ್ಜಿ 'ಮೂಗುತಿ' ಎಂದರು. ಬರೆದಳು. ಸ್ವಲ್ಪ ಹೊತ್ತಿನ ಮೇಲೆ ಜೂನಿನಲ್ಲಿ ಜಾರಿ ಬಿದ್ದವರ ಸುಳಿವು ಬಂತು. ಮೊದಲ ಮೂರು ಚೌಕದಲ್ಲಿ 'ಮುಂಗಾರು' ಎಂದು ಅಡ್ಡ ಪದಗಳಿಂದ ತುಂಬಿಹೋಗಿತ್ತು, ಕೊನೆಯಲ್ಲಿ ಳೆ.

'ಮುಂಗಾರು ಮಳೆ ಕಣೇ. ಗಣೇಶಂದು. ನಿಮ್ಮಪ್ಪ ನಾಲ್ಕು ಸಲ ನೋಡಿದ್ದ.'

'ಆಗಲ್ಲ ಅಜ್ಜಿ. ಇಲ್ಲಿ ಮೂ ಇದೆ. ನಿಮ್ಮ ಮೂಗುತಿದು.'

'ಮೂಗುತೀನೇ ಸರಿ. ಹಾಗಾದ್ರೆ ಸಿನಿಮಾ ಹೆಸರೇ ತಪ್ಪು ಬರ್ದಿದ್ದಾರೆ.'

ಹುಡುಗಿ ಪೆನ್ಸಿಲು ಕಚ್ಚುತ್ತ ಸುಮ್ಮನೆ ಕುಳಿತಳು. ಆಮೇಲೆ ಸುಳಿವಿನ ಕೊನೆಯ ಪ್ರಶ್ನಾರ್ಥಕ ಚಿಹ್ನೆಯ ಮೇಲೆ ಬೆರಳಿಟ್ಟಳು. 'ಅಜ್ಜಿ, ಇದು ಪನ್. ತಪ್ಪಲ್ಲ, ಬೇಕೂಂತಾನೇ ಮಾಡಿದ್ದಾರೆ. ಮೂಳೆ ಅಂದ್ರೆ ಏನು?'

ಅಜ್ಜಿ ಕಣ್ಣು ಬಿಟ್ಟರು. ತಮ್ಮ ಮೊಣಕೈ ತಟ್ಟಿ ತೋರಿಸಿದರು. ಆಮೇಲೆ ಇಬ್ಬರೂ ನಕ್ಕದ್ದು ಅಡುಗೆಮನೆಗೂ ಕೇಳಿಸಿತು. ಅಲ್ಲಿಂದ ಮುಂದೆ ನಾವು ನೋಡುತ್ತಿದ್ದ ಹಾಗೆಯೇ ಒಂದರ ಹಿಂದೆ ಒಂದು ಹೆಸರು ಬಿದ್ದವು. ಉಪಾಯ ಮೊಮ್ಮಗಳಿಗೆ ಗೊತ್ತು, ಹೆಸರು ಗೊತ್ತಿಲ್ಲ. ಹೆಸರು ಅಜ್ಜಿಗೆ ಗೊತ್ತು, ಉಪಾಯ ಗೊತ್ತಿಲ್ಲ. ಅಜ್ಜಿ 'ನಾಗರಹಾವು' ಎನ್ನುವುದು, ಇವಳು 'ನಾ ಬರಲ್ಲ, ನ' ಎನ್ನುವುದು, ಅಜ್ಜಿ ಅದನ್ನು ಬಾಯಲ್ಲಿ ಹೇಳಿಕೊಂಡು ನೋಡುವುದು. ಕಣ್ಣಿಗೆ ಕಾಣದಿದ್ದರೂ ಕಿವಿಯಲ್ಲಿ ಆಡಲು ಬರುವುದು ನಮ್ಮ ಲಿಪಿಯ ಸೌಲಭ್ಯ. ಇಂಗ್ಲಿಷಿನಲ್ಲಿ ಡಿ ಹೋಗಿ ಇ ಬಂದದ್ದನ್ನು ಕಣ್ಣಿಂದಲೇ ಹಿಡಿಯಬೇಕು. ನಮ್ಮಲ್ಲಿ ಬರೆದದ್ದು ಬದಲಾದರೆ ನುಡಿದದ್ದೂ ಬದಲಾಗುತ್ತದೆ.

'ಗಂಧದ ಗುಡಿ' ಬಂದಾಗ ಮಾತ್ರ ಇಬ್ಬರೂ ಒಟ್ಟಿಗೆ ಕೂಗಿದರು. ನಮಗೆ ಆಶ್ಚರ್ಯ. ವಿಚಾರಿಸಿದರೆ ಅಜ್ಜಿ ಹೇಳುತ್ತಿದ್ದದ್ದು 1973ರ ರಾಜ್‌ಕುಮಾರ್ ಚಿತ್ರ, ಮೊಮ್ಮಗಳು ಹೇಳುತ್ತಿದ್ದದ್ದು 2022ರಲ್ಲಿ ಬಂದ ಪುನೀತ್ ರಾಜ್‌ಕುಮಾರ್ ಅವರ ಕಾಡಿನ ಸಾಕ್ಷ್ಯಚಿತ್ರ. ಪುನೀತ್ ತೀರಿಕೊಂಡ ಒಂದು ವರ್ಷಕ್ಕೆ ಬಿಡುಗಡೆಯಾದದ್ದು ಅದು. ಅಪ್ಪನ ಹೆಸರಿನ ಚೌಕಕ್ಕೆ ಮಗನ ಹೆಸರು ಬಂದು ಕುಳಿತಿತ್ತು. ಆ ಆರು ಹೆಸರುಗಳಲ್ಲಿ ಮೇಜಿನ ಎರಡು ಕಡೆಗೂ ಗೊತ್ತಿದ್ದದ್ದು ಅದೊಂದೇ. ಆರರಲ್ಲಿ ಒಂದು. ಅದನ್ನೇ ನಾವು ನೋಡಬೇಕೆಂದಿದ್ದದ್ದು. ಲೆಕ್ಕ ನಮ್ಮ ನಿರೀಕ್ಷೆಗಿಂತ ಕಡಿಮೆ ಬಂತೆಂದು ಹೇಳಲೇಬೇಕು. ನಡುವೆ ಕುಳಿತ ನಮಗೆ ಆರೂ ಗೊತ್ತು. ನಾವು ಮಕ್ಕಳನ್ನು ಗಣಿತ ತರಗತಿಗೆ, ಈಜಿಗೆ, ಪಿಯಾನೋ ಪಾಠಕ್ಕೆ ಕಾರಿನಲ್ಲಿ ಕರೆದೊಯ್ಯುವಾಗ ಆ ಹೆಸರುಗಳನ್ನು ಹೇಳಿರಲಿಲ್ಲ, ಅಷ್ಟೆ.

ಇನ್ನು ನೀವು ವೈದ್ಯರನ್ನು ಕಂಡೊಡನೆ ಕೇಳುವ ಪ್ರಶ್ನೆ: ಪದಬಂಧ ಬಿಡಿಸಿದರೆ ಮರೆವಿನ ಕಾಯಿಲೆ ಬರುವುದಿಲ್ಲವಂತೆ, ನಿಜವೇ? ಹಾಗೆ ಭರವಸೆ ಕೊಡಲು ಆಗುವುದಿಲ್ಲ. 2003ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 75 ವರ್ಷ ದಾಟಿದ 469 ಜನರನ್ನು ಗಮನಿಸಿದಾಗ, ಓದು, ಪಗಡೆಯಂಥ ಮಣೆಯಾಟ, ವಾದ್ಯ ನುಡಿಸುವುದು, ನೃತ್ಯ ಇವುಗಳಿಗೂ ಮರೆವು ಕಡಿಮೆಯಾದದ್ದಕ್ಕೂ ನಂಟು ಕಂಡಿತು. ಆ ಪಟ್ಟಿಯಲ್ಲಿ ಪದಬಂಧ ಇರಲಿಲ್ಲ. 2011ರ ಇನ್ನೊಂದು ಅಧ್ಯಯನದಲ್ಲಿ, ಮುಂದೆ ಕಾಯಿಲೆ ಬಂದೇ ಬಂದವರ ಪೈಕಿ ಪದಬಂಧದ ಅಭ್ಯಾಸವಿದ್ದವರಿಗೆ ನೆನಪಿನ ಇಳಿತ ಸುಮಾರು ಎರಡೂವರೆ ವರ್ಷ ತಡವಾಗಿ ಶುರುವಾಯಿತು. ಆದರೆ ಶುರುವಾದ ಮೇಲೆ ವೇಗವಾಗಿ ಇಳಿಯಿತು. 2022ರಲ್ಲಿ ನೆನಪು ಸ್ವಲ್ಪ ಮಂಕಾದ 107 ಜನರಲ್ಲಿ ಕೆಲವರಿಗೆ ಕಂಪ್ಯೂಟರಿನ ಮಿದುಳಿನ ಆಟ, ಕೆಲವರಿಗೆ ಪದಬಂಧ ಕೊಟ್ಟು 78 ವಾರ ನೋಡಿದರು. ಆಟವೇ ಗೆಲ್ಲುತ್ತದೆಂದು ಸಂಶೋಧಕರ ಎಣಿಕೆ. ಗೆದ್ದದ್ದು ಪದಬಂಧ, ಅದೂ ಸಣ್ಣ ಅಂತರದಲ್ಲಿ. ಇಷ್ಟೇ ನಮಗೆ ಗೊತ್ತಿರುವುದು. ದುಡ್ಡು ಕೊಟ್ಟು ಮಿದುಳು ಚುರುಕಿನ ಆಟ ಕೊಳ್ಳುವ ಮೊದಲು ಒಂದು ಪೆನ್ಸಿಲು ಕೊಳ್ಳಿ ಎನ್ನುವುದಕ್ಕೆ ಸಾಕು.

ಆದರೆ ನಮ್ಮ ಹಿರಿಯರ ವಿಷಯದಲ್ಲಿ ಇನ್ನೊಂದು ಮಾತಿದೆ, ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ. ನೆನಪಿನ ಪರೀಕ್ಷೆಯಲ್ಲಿ 'ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳಬಲ್ಲಿರಿ' ಎಂದು ಕೇಳುತ್ತೇವೆ. ಮಂಡ್ಯದಲ್ಲಿ ಬೆಳೆದು ಎಪ್ಪತ್ತಕ್ಕೆ ಇಲ್ಲಿಗೆ ಬಂದ ತಾಯಿಯನ್ನು ಇಂಗ್ಲಿಷಿನಲ್ಲಿ ಕೇಳಿದರೆ ಹಸು, ನಾಯಿ, ಬೆಕ್ಕಿಗೆ ನಿಂತುಬಿಡುತ್ತಾರೆ. ಕನ್ನಡದಲ್ಲಿ ಕೇಳಿದರೆ ಕಡವೆ, ಮುಂಗುಸಿ, ಪುನುಗುಬೆಕ್ಕು ಎಲ್ಲ ಸಾಲುಗಟ್ಟಿ ಬರಬಹುದು. ಎರಡರ ಅಂಕವೂ ಒಂದೇ ಆಗುವುದಿಲ್ಲ. ಆದ್ದರಿಂದ ಅಪ್ಪ ಅಮ್ಮನನ್ನು ಆ ಪರೀಕ್ಷೆಗೆ ಕರೆದೊಯ್ದಾಗ ಕನ್ನಡ ದುಭಾಷಿ ಬೇಕೆಂದು ಮೊದಲೇ ಕೇಳಿ. ಮರೆವು ಬಂದ ಹಲವರಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಜಾರಿ, ತೊಟ್ಟಿಲ ಭಾಷೆ ಉಳಿಯುವುದನ್ನು ನಾವು ವೈದ್ಯರು ನೋಡುತ್ತಲೇ ಇರುತ್ತೇವೆ. ಆಗ ಅವರ ಹಾಸಿಗೆಯ ಪಕ್ಕದಲ್ಲಿ ಕುಳಿತು 'ಅಜ್ಜಿ, ರಾಮಾಚಾರಿ ಯಾವ ಸಿನಿಮಾದಲ್ಲಿ?' ಎಂದು ಕೇಳುವವರು ಯಾರು? ಆಸ್ಪತ್ರೆಯ ದಾದಿಗೆ ರಾಮಾಚಾರಿ ಗೊತ್ತಿಲ್ಲ. ಮೊಮ್ಮಗಳಿಗೂ, ಆ ಭಾನುವಾರದವರೆಗೆ, ಗೊತ್ತಿರಲಿಲ್ಲ.

ಹಾಳೆ ಕಟ್ಟುವಾಗ ಒಂದು ಹೆಸರು ಮತ್ತೆ ಮತ್ತೆ ನಮ್ಮ ಮುಂದೆ ಬಂತು. 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು', ಮರೆವಿನ ಕಾಯಿಲೆಯ ತಂದೆಯೊಬ್ಬರು ಕಳೆದುಹೋಗುವ ಕಥೆ, ಅನಂತ್ ನಾಗ್ ಅಭಿನಯದ್ದು. ಕಾಣೆಯಾದವರ ಪ್ರಕಟಣೆಯ ಮಾತುಗಳೇ ಹೆಸರಾದ ಚಿತ್ರ. ಎಣಿಸಿದರೆ ಸರಿಯಾಗಿ ಹನ್ನೊಂದು ಅಕ್ಷರ, ನಮ್ಮ ಹಾಳೆಯ ಅಗಲವೂ ಹನ್ನೊಂದು. ಒಂದು ಇಡೀ ಸಾಲಿಗೆ ಅಳತೆ ತೆಗೆದು ಹೊಲಿದ ಹಾಗೆ. ಆದರೂ ಅದರ ಕಾಗುಣಿತ ಮುಟ್ಟಲು ಹೋಗಲಿಲ್ಲ.

ಆ ಅಜ್ಜಿ ಕಳೆದ ವಾರ ಮೈಸೂರಿಗೆ ಹಿಂದಿರುಗಿದರು. ಆರು ತಿಂಗಳು ಮುಗಿಯಿತು. ಈಗ ಶನಿವಾರ ಬೆಳಿಗ್ಗೆ, ಅಲ್ಲಿ ರಾತ್ರಿ ಊಟದ ಹೊತ್ತು, ಮೊಮ್ಮಗಳು ಫೋನಿನಲ್ಲಿ ಸುಳಿವು ಓದುತ್ತಾಳೆ. ಮೊನ್ನೆ ಅಜ್ಜಿಯೇ ಒಂದು ಸುಳಿವು ಕಟ್ಟಿ ಕಳಿಸಿದರಂತೆ. ಅದು ಸ್ವಲ್ಪ ತುಂಟ ಸುಳಿವು, ವೇದಿಕೆಯಲ್ಲಿ ಹೇಳುವಂಥದ್ದಲ್ಲ.

ಎರಡನೆಯ ಹಾಳೆ ಸಿದ್ಧವಾಗಿದೆ. ಬಾಗಿಲ ಬಳಿ, ಹೋಳಿಗೆ ಡಬ್ಬದ ಪಕ್ಕದಲ್ಲಿ ಇಟ್ಟಿದ್ದೇವೆ, ಮನೆಗೊಂದರಂತೆ ತೆಗೆದುಕೊಳ್ಳಿ. ಪೆನ್ನು ಬೇಡ, ಪೆನ್ಸಿಲು ಬಳಸಿ. ನಿಯಮ ಒಂದೇ: ಹದಿನೈದು ವರ್ಷದೊಳಗಿನ ಒಬ್ಬರು, ಅರವತ್ತು ದಾಟಿದ ಒಬ್ಬರು ಸೇರಿ ಬಿಡಿಸಬೇಕು. ಅಜ್ಜಿ ತಾತ ಇಲ್ಲಿಲ್ಲದಿದ್ದರೆ ಫೋನಿನಲ್ಲಿ ಆಗಬಹುದು. ಅವರೂ ಇಲ್ಲದ ಮನೆಯವರು ನಮ್ಮ ಕೂಟದ ಹಿರಿಯರ ಮೇಜಿಗೆ ಹೋಗಿ ಕುಳಿತುಕೊಳ್ಳಿ, ಅವರು ಕಾಯುತ್ತಿದ್ದಾರೆ. ಉಪಾಯ ಹಿಂದಿನದೇ. ಮೊದಲ ಸುಳಿವನ್ನು ಇಲ್ಲೇ ಓದಿಬಿಡುತ್ತೇವೆ, ಊಟದ ಸಾಲಿನಲ್ಲಿ ನಿಂತಾಗ ಯೋಚಿಸಬಹುದು. ಎಡದಿಂದ ಬಲಕ್ಕೆ ಒಂದು, ಏಳು ಅಕ್ಷರ, ಶಂಕರ್ ನಾಗ್ ನಿರ್ದೇಶನ, 1987: 'ಅರಿವಳಿಕೆ ವೈದ್ಯರ ಆತ್ಮಚರಿತ್ರೆ?'